ಕರ್ಣಧಾರನ ಉತ್ತರ

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೂ ಮಗನೋ ಸೊಸೆಯೋ ಕಂಪ್ಯೂಟರಿನ ಕಪ್ಪು ತೆರೆಯ ಮುಂದೆ ಕುಳಿತು ಒಂದೇ ಸಾಲನ್ನು ನೋಡುತ್ತಿರುವುದುಂಟು. “ಇನ್ನೂ ಮಲಗಲಿಲ್ಲವೇನಪ್ಪಾ?” ಎಂದು ಹಿರಿಯರು ಕೇಳಿದರೆ, “ಕ್ಲಸ್ಟರ್ ಅಪ್‌ಡೇಟ್ ನಡೀತಾ ಇದೆ” ಎಂಬ ಉತ್ತರ ಬರುವುದು. ನಡೆಯುತ್ತಿರುವುದೇನು, ಅದು ಮುಗಿಯಿತೆಂದು ತಿಳಿಯುವ ಬಗೆ ಯಾವುದು ಎಂಬುದು ಹಿರಿಯರ ಬುದ್ಧಿಗೆ ಮೀರಿದ ಸಂಗತಿಯೇನಲ್ಲ. ವಿಚಾರಿಸಿದರೆ ಅದರಲ್ಲಿ ತರ್ಕಶಾಸ್ತ್ರದ ಹಳೆಯ ಪಾಠವೊಂದು ಹೊಸ ವೇಷದಲ್ಲಿ ಎದುರಾಗುತ್ತದೆ.

ಒಂದು ಕಾರ್ಯಕ್ರಮವನ್ನೂ ಅದಕ್ಕೆ ಬೇಕಾದ ಸಾಮಗ್ರಿಯನ್ನೂ ಒಟ್ಟಿಗೆ ಕಟ್ಟಿಟ್ಟ ಗಂಟಿಗೆ ಕಂಟೇನರ್ ಎಂದು ಹೆಸರು. ಹಣ ಕಳಿಸುವ ವ್ಯವಸ್ಥೆಯೋ ಆಸ್ಪತ್ರೆಯ ಸರದಿ ಕಾದಿರಿಸುವ ಏರ್ಪಾಡೋ ಇಂತಹ ನೂರಾರು ಗಂಟುಗಳಾಗಿ ಹಲವು ಯಂತ್ರಗಳ ಮೇಲೆ ಹರಡಿರಬಹುದು. ಆ ಯಂತ್ರಗಳ ಸಮೂಹವೇ ಕ್ಲಸ್ಟರ್. ಒಂದೊಂದು ಯಂತ್ರವೂ ನೋಡ್. ಯಾವ ಗಂಟು ಎಲ್ಲಿರಬೇಕು, ಒಂದು ಕೆಟ್ಟರೆ ಅದರ ಸ್ಥಾನಕ್ಕೆ ಯಾವುದು ಬರಬೇಕು ಎಂದು ನಿಯಮಿಸುವುದು ಕುಬರ್ನೆಟೀಸ್. 2014ರಲ್ಲಿ ಗೂಗಲ್ ಸಂಸ್ಥೆ ಇದನ್ನು ಎಲ್ಲರಿಗೂ ತೆರೆದಿಟ್ಟಿತು. ಇದು ಗ್ರೀಕ್ ಶಬ್ದ. ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ. ಸಂಸ್ಕೃತದ ಕರ್ಣಧಾರ ಶಬ್ದವನ್ನು ಇಟ್ಟಿದ್ದರೂ ಅಷ್ಟೇ ಒಪ್ಪುತ್ತಿತ್ತು. ಅಮೆಜಾನ್ ಸಂಸ್ಥೆ 2018ರಿಂದ ಈ ಕರ್ಣಧಾರನನ್ನು ‘ಈಕೆಎಸ್’ ಎಂಬ ಹೆಸರಿನಲ್ಲಿ ಬಾಡಿಗೆಗೆ ಕೊಡುತ್ತಿದೆ. ಕ್ಲೌಡ್ ಎಂದರೆ ಮೇಘವೆಂಬುದು ಹೆಸರಿಗೆ ಮಾತ್ರ. ಯಂತ್ರಗಳಿರುವುದು ಮುಂಬಯಿ ಮೊದಲಾದ ಕಡೆಗಳಲ್ಲಿ, ನೆಲದ ಮೇಲಣ ಕಟ್ಟಡಗಳಲ್ಲಿಯೇ. ಕಾಳಿದಾಸನ ಯಕ್ಷನಿಗೆ ಮೇಘದಿಂದ ಮರುಮಾತು ಬರಲಿಲ್ಲ. ಈ ಮೇಘ ಕೇಳಿದೊಡನೆ ಉತ್ತರ ಕೊಡುತ್ತದೆ. ತೊಡಕಿರುವುದೇ ಅಲ್ಲಿ.

ಕುಬರ್ನೆಟೀಸಿನ ಹೊಸ ಆವೃತ್ತಿಗಳು ವರ್ಷಕ್ಕೆ ಸುಮಾರು ಮೂರು ಸಲ ಬರುತ್ತವೆ. ಈಕೆಎಸ್‌ನಲ್ಲಿ ಒಂದು ಆವೃತ್ತಿಗೆ ಸಾಮಾನ್ಯ ಪೋಷಣೆ ದೊರೆಯುವುದು 14 ತಿಂಗಳು. ಒಂದೊಂದೇ ಮೆಟ್ಟಿಲು ಹತ್ತಬೇಕು, 1.31ರಲ್ಲಿದ್ದವರು 1.32ನ್ನು ದಾಟದೆ 1.33ಕ್ಕೆ ಹೋಗುವಂತಿಲ್ಲ. ಆಜ್ಞಾಪಂಕ್ತಿಯಲ್ಲಿ ‘ಅಪ್‌ಡೇಟ್-ಕ್ಲಸ್ಟರ್-ವರ್ಷನ್’ ಎಂದು ಬರೆದರೆ, ಒಡನೆಯೇ ಒಂದು ಉದ್ದನೆಯ ಗುರುತುಸಂಖ್ಯೆಯೂ ‘ಇನ್‌ಪ್ರೋಗ್ರೆಸ್’ ಎಂಬ ಶಬ್ದವೂ ಮರಳಿ ಬರುತ್ತವೆ. ಆಜ್ಞೆ ಮುಟ್ಟಿತು ಎಂಬುದಷ್ಟೇ ಇದರ ಅರ್ಥ. ಬದಲಾವಣೆಯಾದರೋ ಆಗತಾನೆ ಆರಂಭವಾಗಿರುತ್ತದೆ.

ಹಳೆಯ ತೊಟ್ಟಿಯ ಮನೆಯಲ್ಲಿ ವಾಸವಿದ್ದುಕೊಂಡೇ ಕಂಬ ಬದಲಿಸುವುದನ್ನು ಕಂಡವರಿಗೆ ಮುಂದಿನ ಕ್ರಮ ಸುಲಭವಾಗಿ ತಿಳಿದೀತು. ಬಡಗಿ ಮೊದಲು ಹೊಸ ಕಂಬವನ್ನು ನಿಲ್ಲಿಸುವನು; ತೊಲೆಯ ಭಾರವನ್ನು ಅದು ಹೊತ್ತಿತೆಂದು ಕಂಡ ಮೇಲೆ ಹಳೆಯದನ್ನು ತೆಗೆಯುವನು. ಅಮೆಜಾನ್ ಕೂಡ ಹೊಸ ಆವೃತ್ತಿಯ ನಿಯಂತ್ರಕ ಯಂತ್ರಗಳನ್ನು ಹೂಡಿ, ಅವುಗಳ ಆರೋಗ್ಯವನ್ನು ಪರೀಕ್ಷಿಸಿ, ಹಳೆಯವನ್ನು ಇಳಿಸುತ್ತದೆ. ಇದಕ್ಕಾಗಿ ಬಳಕೆದಾರನ ಜಾಲದಲ್ಲಿ ಐದರವರೆಗೆ ಖಾಲಿ ವಿಳಾಸಗಳು ಬೇಕಾಗುತ್ತವೆ. ಪರೀಕ್ಷೆಯಲ್ಲಿ ಹೊಸದು ನಿಲ್ಲದಿದ್ದರೆ ಎಲ್ಲವನ್ನೂ ಹಿಂದಕ್ಕೆ ತಿರುಗಿಸಿ ಹಳೆಯ ಆವೃತ್ತಿಯಲ್ಲಿಯೇ ಉಳಿಸುತ್ತದೆ. ಮನೆ ಬೀಳುವುದಿಲ್ಲ, ಕಂಬವೂ ಬದಲಾಗುವುದಿಲ್ಲ.

ಕಾಯುವವರು ತಪ್ಪುವುದು ಇಲ್ಲಿಯೇ. ‘ಡಿಸ್ಕ್ರೈಬ್-ಕ್ಲಸ್ಟರ್’ ಎಂದು ಕೇಳಿದರೆ, ಕೆಲಸ ನಡೆಯುವಷ್ಟು ಹೊತ್ತು ‘ಅಪ್‌ಡೇಟಿಂಗ್’ ಎಂದೂ ಆಮೇಲೆ ‘ಆಕ್ಟಿವ್’ ಎಂದೂ ಉತ್ತರ ಬರುವುದು. ಆಕ್ಟಿವ್ ಎಂದೊಡನೆ ಗೆದ್ದೆವೆಂದು ಎದ್ದುಬಿಡುವವರುಂಟು. ಆದರೆ ಬದಲಾವಣೆ ಸಫಲವಾದಾಗಲೂ ಆಕ್ಟಿವ್. ವಿಫಲವಾಗಿ ಹಳೆಯ ಸ್ಥಿತಿಗೆ ಮರಳಿದಾಗಲೂ ಆಕ್ಟಿವ್! ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ಊಹಿಸಬಹುದು. ಬೆಂಕಿಯಿದ್ದಲ್ಲಿ ಹೊಗೆಯುಂಟೆಂದು ಊಹಿಸಿದರೆ ಕಾದ ಕಬ್ಬಿಣದ ಗುಂಡು ಆ ಮಾತನ್ನು ಸುಳ್ಳು ಮಾಡುತ್ತದೆ. ಪಾಠಶಾಲೆಯ ಬಾಲಕರು ಇದನ್ನು ಸವ್ಯಭಿಚಾರಹೇತು ಎಂದು ಬಾಯಿಪಾಠ ಮಾಡುತ್ತಿದ್ದರು. ಆಕ್ಟಿವ್ ಎಂಬುದು ಅಂತಹದೇ ಹೇತು. ಉತ್ತರ ಸುಳ್ಳಲ್ಲ, ಕ್ಲಸ್ಟರು ಬದುಕಿಯೇ ಇದೆ. ಕೇಳಿದ ಪ್ರಶ್ನೆ ಬೇರೆಯಾಯಿತು, ಅಷ್ಟೆ. ಈ ಭ್ರಮೆಯಲ್ಲಿ “ಮುಗಿಯಿತು” ಎಂದು ಜೊತೆಗಾರರಿಗೆ ತಿಳಿಸಿದರೆ, ಅವರು ಹೊಸ ಆವೃತ್ತಿಯನ್ನು ನಂಬಿ ಮುಂದಿನ ಕೆಲಸ ಹೂಡುವರು. ಬೆಳಗ್ಗೆ ಹಣ ಕಳಿಸಲು ಕುಳಿತ ಅಪರಿಚಿತನೊಬ್ಬ ಅದರ ಫಲವನ್ನು ಉಣ್ಣಬೇಕಾದೀತು.

ಕೇಳತಕ್ಕದ್ದು ‘ಡಿಸ್ಕ್ರೈಬ್-ಅಪ್‌ಡೇಟ್’ ಎಂದು, ಆ ಗುರುತುಸಂಖ್ಯೆಯೊಡನೆ. ಅದು ಸಕ್ಸೆಸ್‌ಫುಲ್, ಫೇಲ್ಡ್, ಕ್ಯಾನ್ಸೆಲ್ಡ್ ಅಥವಾ ಇನ್‌ಪ್ರೋಗ್ರೆಸ್ ಎಂದು ನಿಷ್ಕೃಷ್ಟವಾಗಿ ನುಡಿಯುತ್ತದೆ. ಸೋತಿದ್ದರೆ ಕಾರಣವನ್ನೂ ಕೊಡುತ್ತದೆ. ಸಂಖ್ಯೆ ಕಳೆದುಹೋಗಿದ್ದರೆ ‘ಲಿಸ್ಟ್-ಅಪ್‌ಡೇಟ್ಸ್’ ಅದನ್ನು ಹುಡುಕಿಕೊಡುವುದು.

ಸಕ್ಸೆಸ್‌ಫುಲ್ ಎಂದ ಮೇಲೂ ಅದು ಕರ್ಣಧಾರನೊಬ್ಬನ ಮಾತು. ಹುಟ್ಟು ಹಾಕುವವರು, ಎಂದರೆ ನೋಡ್‌ಗಳು, ಹಳೆಯ ಆವೃತ್ತಿಯಲ್ಲಿಯೇ ಇರಬಹುದು. 1.28ರಿಂದೀಚೆಗೆ ಮೂರು ಮೆಟ್ಟಿಲಿನಷ್ಟು ಹಿಂದುಳಿಯಲು ಅವಕ್ಕೆ ಅನುಮತಿಯಿದೆ. ಈ ಔದಾರ್ಯವೇ ಆಲಸ್ಯಕ್ಕೆ ದಾರಿ ಮಾಡುವುದೂ ಉಂಟು. ನೋಡ್‌ಗಳ ಗುಂಪಿಗೆ ಬೇರೆ ಆಜ್ಞೆ, ಬೇರೆ ಗುರುತುಸಂಖ್ಯೆ. ಒಂದು ನೋಡನ್ನು ತೆರವು ಮಾಡುವಾಗ ಅದರ ಮೇಲಿನ ಗಂಟುಗಳು ಸ್ಥಳ ಬಿಟ್ಟು ಏಳಬೇಕು. “ಇಷ್ಟು ಮಂದಿ ಯಾವಾಗಲೂ ಕೆಲಸದಲ್ಲಿರಬೇಕು” ಎಂದು ಒಡೆಯನೇ ಮೊದಲು ಕಟ್ಟಳೆ ಹಾಕಿದ್ದು, ಇರುವವರೂ ಅಷ್ಟೇ ಮಂದಿಯಾಗಿದ್ದರೆ ಯಾರೂ ಏಳುವಂತಿಲ್ಲ. 15 ನಿಮಿಷ ಕಾದು, ಬಲಪ್ರಯೋಗದ ಅಪ್ಪಣೆಯಿಲ್ಲವಾದರೆ ಆ ಕೆಲಸ ‘ಪಾಡ್ ಎವಿಕ್ಷನ್ ಫೇಲ್ಯೂರ್’ ಎಂದು ಹೇಳಿ ನಿಲ್ಲುತ್ತದೆ. ಬಲಪ್ರಯೋಗದ ಅಪ್ಪಣೆ ಸುಲಭ. ಆದರೆ ಆ ಕಟ್ಟಳೆಯನ್ನು ಹಾಕಿದ್ದು ಯಾರ ರಕ್ಷಣೆಗೆಂದು ನೋಡದೆ ಅದನ್ನು ಕೊಡುವುದು ಸಾಹಸವೇ ಸರಿ.

‘ಕ್ಯೂಬ್‌ಕಂಟ್ರೋಲ್ ಗೆಟ್ ನೋಡ್ಸ್’ ಎಂದರೆ ಪ್ರತಿಯೊಂದು ನೋಡಿನ ಹೆಸರಿನೆದುರು ಅದರ ಆವೃತ್ತಿಯ ಅಂಕಿ ಕಾಣುವುದು. ಅದನ್ನು ಸಾಲುಸಾಲಾಗಿ ಓದಿದವರು ಕಡೆಗೆ ಕಾರ್ಯಕ್ರಮದ ಗಂಟುಗಳನ್ನೇ ಹೊಸದಾಗಿ ನಿಲ್ಲಿಸಿ ನೋಡುವುದುಂಟು. ಆಗ ‘ರೋಲೌಟ್ ಸ್ಟೇಟಸ್’ ಎಂಬ ಆಜ್ಞೆ ಉತ್ತರ ಕೊಟ್ಟು ಹೋಗಿಬಿಡುವುದಿಲ್ಲ. ತಾನೂ ಜೊತೆಗೆ ಕುಳಿತು, ಮೂರರಲ್ಲಿ ಎರಡು ಸಿದ್ಧವಾದುವು ಎಂದು ಎಣಿಸುತ್ತ ಕಾಯುತ್ತದೆ. ಬೇರೆ ಗಡುವು ವಿಧಿಸದಿದ್ದರೆ, 600 ಸೆಕೆಂಡು ಏನೂ ಮುಂದುವರಿಯದಾಗ ಸೋಲನ್ನು ತಾನೇ ಹೇಳಿ ಹೊರಟುಹೋಗುವುದು.