ಕಾಫಿ ಡಬ್ಬಿಯ ಬೂದಿ

ಕೊಯೆನ್ ಸಹೋದರರ ‘ದಿ ಬಿಗ್ ಲೆಬೋವ್ಸ್ಕಿ’ (1998) ಬಿಡುಗಡೆಯಾದಾಗ ಅಷ್ಟೇನೂ ಓಡಲಿಲ್ಲ. ಆಮೇಲೆ 2002ರಿಂದ ಅಮೆರಿಕದಲ್ಲಿ ಅದರ ಅಭಿಮಾನಿಗಳ ಉತ್ಸವವೇ ಶುರುವಾಯಿತು. ಹೆಸರಿನ ಗೊಂದಲದಲ್ಲಿ ಯಾರೋ ಬಂದು ಡ್ಯೂಡ್‌ನ ಜಮಖಾನೆಯ ಮೇಲೆ ಉಚ್ಚೆ ಹೊಯ್ಯುತ್ತಾರೆ. ಅಲ್ಲಿಂದ ಅಪಹರಣದ ಗೋಜಲು ಅವನ ಕೊರಳಿಗೆ. ಕೊನೆಗೆ ಗೆಳೆಯ ಡಾನಿ ಸಾಯುತ್ತಾನೆ. ಕಲಶ ದುಬಾರಿಯೆಂದು ಕಾಫಿ ಡಬ್ಬಿಯಲ್ಲಿ ಒಯ್ದ ಬೂದಿಯನ್ನು ವಾಲ್ಟರ್, ವಿಯೆಟ್ನಾಂ ಯುದ್ಧವನ್ನೂ ಎಳೆತಂದು ಭಾಷಣ ಮಾಡಿ, ಚೆಲ್ಲುತ್ತಾನೆ. ಗಾಳಿ ಅದನ್ನು ಡ್ಯೂಡ್‌ನ ಮುಖಕ್ಕೇ ಎರಚುತ್ತದೆ. ಹಾಸ್ಟೆಲ್‌ನಲ್ಲಿ ಬಿದ್ದು ಬಿದ್ದು ನಕ್ಕಿದ್ದೆವು.

ಹೋದ ವರ್ಷ ಪಶ್ಚಿಮವಾಹಿನಿಯಲ್ಲಿ ಅಪ್ಪನ ಅಸ್ಥಿ ಬಿಡುವಾಗ ಗಾಳಿ ತಿರುಗಿತು. ಅಂಗಿಯ ತುಂಬ ಬೂದಿ. ತಡೆಯಲಾಗದೆ ನಕ್ಕುಬಿಟ್ಟೆ, ಚಿಕ್ಕಪ್ಪ ಗದರಿದರು. ಹತ್ತು ದಿನ ಬಾರದ ಅಳು ಆ ನಗುವಿನ ಬೆನ್ನಿಗೇ ಬಂತು.

ಮೊನ್ನೆ ಜೂನಿಯರ್‌ಗಳು ಅದೇ ದೃಶ್ಯಕ್ಕೆ ನಗುತ್ತಿದ್ದರು. ನಾನೂ ನಕ್ಕೆ.