ಹಂಡೆಗೊಂದು ಹಬ್ಬವಿತ್ತು

ಹಂಡೆ ಕೊಳ್ಳುವವರು ಲೀಟರಿನ ಲೆಕ್ಕ ಕೇಳುತ್ತಿರಲಿಲ್ಲ. ಎಷ್ಟು ಕೊಡ ನೀರು ಹಿಡಿಯುತ್ತದೆ, ತಳ ದಪ್ಪವಿದೆಯೇ, ತೂಕ ಎಷ್ಟು ಬಂತು, ಇಷ್ಟೇ ವಿಚಾರಣೆ. ತಾಮ್ರಕ್ಕೆ ತೂಕದ ಮೇಲೆ ಬೆಲೆ. ಒಮ್ಮೆ ಬಚ್ಚಲೊಲೆಯ ಮೇಲೆ ಕೂರಿಸಿ ಸುತ್ತ ಮಣ್ಣು ಮೆತ್ತಿದರೆ ಎರಡು ತಲೆಮಾರು ಅದು ಕದಲುವ ಮಾತಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಂಡೆ, ಅಜ್ಜಿ ಮದುವೆಯಾಗಿ ಆ ಮನೆಗೆ ಬರುವ ಮೊದಲೇ ಅಲ್ಲಿ ಕೂತಿತ್ತಂತೆ. ಹಾಗಾಗಿ ಹಿರಿತನದಲ್ಲಿ ಅದು ಅಜ್ಜಿಗಿಂತ ಒಂದು ಕೈ ಮೇಲು.

ಬೆಂಗಳೂರಿನ ಅಂಗಡಿಯಲ್ಲಿ ಹುಡುಗ ನನಗೆ ಮೊದಲು ತೋರಿಸಿದ್ದು ಮೊಬೈಲಿನಿಂದ ನಡೆಸುವ ಗೀಸರನ್ನು. "ಆಫೀಸಲ್ಲಿ ಕೂತೇ ಆನ್ ಮಾಡ್ಬಹುದು ಸಾರ್." "ಸ್ನಾನ ಮನೇಲೇ ಮಾಡ್ಬೇಕಲ್ಲಪ್ಪ" ಎಂದೆ. ಅವನು ನಗಲಿಲ್ಲ, ಐದು ಸ್ಟಾರಿನ ಚೀಟಿ ತೋರಿಸಿದ. ನಿಜಕ್ಕೂ ಅವನು ಕೇಳಬೇಕಾಗಿದ್ದದ್ದು ಎರಡೇ: ನಿಮ್ಮದು ಬಕೆಟ್ ಸ್ನಾನವೋ ಷವರೋ? ನಲ್ಲಿಯಲ್ಲಿ ಬರುವುದು ಕಾವೇರಿಯೋ ಬೋರ್‌ವೆಲ್ಲೋ?

ಬಕೆಟ್ಟಿನವರಿಗೆ ಗಣಿತ ಸುಲಭ. 60 ಡಿಗ್ರಿಯ 10 ಲೀಟರಿಗೆ 20 ಡಿಗ್ರಿಯ ತಣ್ಣೀರು 10 ಲೀಟರ್ ಬೆರೆಸಿದರೆ 40 ಡಿಗ್ರಿಯ ಹದವಾದ ಒಂದು ಬಕೆಟ್ ಸಿದ್ಧ. ತುಸು ಕಾದು ಒಬ್ಬರ ಹಿಂದೊಬ್ಬರು ಮೀಯುವ ಸಂಸಾರಕ್ಕೆ 15 ಲೀಟರಿನ ಗೀಸರ್ ಧಾರಾಳ. ಷವರಿನ ಕೆಳಗೆ ನಿಂತು ಹಾಡುವವರಿದ್ದರೆ 25 ಬೇಕು. 2 ಕಿಲೋವ್ಯಾಟಿನ ಕಾಯಿಲ್ ಆ 25 ಲೀಟರನ್ನು 20ರಿಂದ 60ಕ್ಕೆ ಏರಿಸಲು ಸುಮಾರು 35 ನಿಮಿಷ ಹಿಡಿಯುತ್ತದೆ, ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಕರೆಂಟು ತಿನ್ನುತ್ತದೆ. 3 ಲೀಟರಿನ ಪುಟ್ಟ ಇನ್‌ಸ್ಟಂಟ್ ಗೀಸರ್ 3 ಕಿಲೋವ್ಯಾಟಿನದಾದರೂ ಅದೇ ಹದದ ನೀರನ್ನು ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆಯಷ್ಟೇ ಕೊಡುತ್ತದೆ. ಪಾತ್ರೆ ತೊಳೆಯಲು ಸರಿ. ಧನುರ್ಮಾಸದ ಬೆಳಗಿಗೆ ತಾಳ್ಮೆ ಬೇಕು.

ಇನ್ನು ಸ್ಟಾರು. ಕಾದ ನೀರು ಸುಮ್ಮನೆ ಕೂತಾಗ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಎಂಬುದಕ್ಕೆ ಕೊಡುವ ಅಂಕ ಅದು. ದಿನವಿಡೀ ಸ್ವಿಚ್ ಹಾಕಿಯೇ ಇಡುವ ಮನೆಗೆ ಐದು ಸ್ಟಾರು ದುಡ್ಡು ಉಳಿಸೀತು. ಕಾಯಿಸಿ, ಮಿಂದು, ಆರಿಸಿ ಹೋಗುವ ನಮ್ಮಂಥವರಿಗೆ ಅಂಥ ವ್ಯತ್ಯಾಸವಿಲ್ಲ.

ಹಂಡೆಗೂ ಗೀಸರಿಗೂ ನಡುವೆ ತಾಮ್ರದ ಬಾಯ್ಲರ್ ಬಂದು ಹೋಯಿತು. ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿ ಅದನ್ನು ಮೊದಲು ಕಂಡದ್ದು. ನಡುವಿನ ಕೊಳವೆಯಲ್ಲಿ ಕರಟ, ಇದ್ದಿಲು, ಸೌದೆಚೂರು ಉರಿಯುತ್ತವೆ, ಸುತ್ತ ನೀರು. ಮೇಲಿನ ಆಲಿಕೆಗೆ ಒಂದು ಚೊಂಬು ತಣ್ಣೀರು ಹೊಯ್ದರೆ ಅದು ತಳಕ್ಕಿಳಿದು, ಅಷ್ಟೇ ಬಿಸಿನೀರನ್ನು ಮೂತಿಯಿಂದ ಹೊರಕ್ಕೆ ದಬ್ಬುತ್ತದೆ. "ಬ್ಯಾಂಕಿನ ಹಾಗೆ ಕಣೋ, ಹಾಕಿದ್ರೇ ತೆಗೆಯೋಕ್ಕಾಗೋದು" ಎನ್ನುತ್ತಿದ್ದರು ಚಿಕ್ಕಮ್ಮ. ಇಂದಿನ ಗೀಸರಿನ ಹೊಟ್ಟೆಯೊಳಗಿನ ವ್ಯವಹಾರವೂ ಇದೇ. ತಣ್ಣೀರು ತಳದಲ್ಲಿ ಒಳಬರುತ್ತದೆ, ಬಿಸಿನೀರು ನೆತ್ತಿಯಿಂದ ಹೊರಡುತ್ತದೆ. ತಾರಸಿಯ ಟ್ಯಾಂಕು ಬರಿದಾದ ದಿನ ಗೀಸರಿನ ತುಂಬ ಬಿಸಿನೀರಿದ್ದರೂ ತಲೆಗೆ ಸೋಪು ಹಚ್ಚಿಕೊಂಡವನಿಗೆ ಒಂದು ತೊಟ್ಟೂ ಸಿಗದಿರುವುದು ಇದರಿಂದಲೇ.

ಗ್ಯಾಸ್ ಗೀಸರಿನ ವಿಷಯದಲ್ಲಿ ಮಾತ್ರ ನನಗೆ ತಮಾಷೆ ಹೊರಡುವುದಿಲ್ಲ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಗ್ಯಾಸಿನ ಉರಿಯಿಂದ ಹರಿಯುವ ನೀರನ್ನು ಕಾಯಿಸುವ ಯಂತ್ರ ಮಾಡಿದ; ಗೀಸರ್ ಎಂದು ಹೆಸರಿಟ್ಟವನೂ ಅವನೇ. ಅದಕ್ಕೆ ಹೊಗೆ ಹೊರಹೋಗುವ ಕೊಳವೆಯೇ ಇರಲಿಲ್ಲ. ಒಂದೂವರೆ ಶತಮಾನ ಕಳೆದರೂ ನಮ್ಮ ಎಷ್ಟೋ ಬಚ್ಚಲುಗಳು ಅದೇ 1868ರಲ್ಲಿವೆ. ಕಿಟಕಿ ಮುಚ್ಚಿದ ಪುಟ್ಟ ಕೋಣೆಯಲ್ಲಿ ಉರಿಗೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತಿದೆ ಎಂದು ತಿಳಿಯುವ ಹೊತ್ತಿಗೆ ಚಿಲಕ ತೆಗೆಯಲು ಕೈ ಬಾರದು. ಊರಿನ ಬಚ್ಚಲಲ್ಲಿ ಹೊಗೆಗೆ ಕಣ್ಣು ಉರಿಯುತ್ತಿತ್ತು ನಿಜ, ಆದರೆ ಹೆಂಚಿನ ಸಂದಿಗಳೆಲ್ಲ ತೆರೆದೇ ಇರುತ್ತಿದ್ದವು. ಗ್ಯಾಸಿನದೇ ಬೇಕೆಂದರೆ ಅದನ್ನು ಬಚ್ಚಲಿನ ಹೊರಗೆ, ಬಯಲ ಗಾಳಿ ಬೀಸುವ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತನ್ನಿ.

ನಮ್ಮ ತಾರಸಿಯಲ್ಲಿ ಸೋಲಾರ್ ಇದೆ. ಬೆಂಗಳೂರಿನ ತಾರಸಿಗಳಿಗೆ ಈಗ ಅದೇ ಮುಡಿ. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲೇ ಇದರ ಪೇಟೆಂಟ್ ಪಡೆದಿದ್ದ. ಅವನದು ಬರೀ ಗಾಜಿನ ಪೆಟ್ಟಿಗೆಯೊಳಗಿನ ಕಪ್ಪು ತೊಟ್ಟಿ. ಸೂರ್ಯ ಮುಳುಗಿದರೆ ನೀರೂ ತಣ್ಣಗೆ. 1909ರಲ್ಲಿ ವಿಲಿಯಂ ಬೇಲಿ ಕಾಯುವ ಕೊಳವೆಗಳನ್ನೂ ನೀರಿನ ತೊಟ್ಟಿಯನ್ನೂ ಬೇರೆ ಮಾಡಿ, ತೊಟ್ಟಿಗೆ ಬೆಚ್ಚನೆಯ ಹೊದಿಕೆ ಸುತ್ತಿ, ಕೊಳವೆಗಿಂತ ಎತ್ತರದಲ್ಲಿ ಇಟ್ಟ. ಬಿಸಿನೀರು ಹಗುರ, ತಾನೇ ಮೇಲೇರುತ್ತದೆ. ತಣ್ಣೀರು ತಾನೇ ಇಳಿದು ಬಿಸಿಲಿಗೆ ಒಡ್ಡಿಕೊಳ್ಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಬೇಕಾದದ್ದು ಒಂದೇ, ಮನೆಯೊಳಗೆ ರಾಜಿ: ಮೇಲಿನಿಂದ ಕೆಳಗಿನ ಬಚ್ಚಲಿನವರೆಗೆ ಪೈಪಿನಲ್ಲಿ ರಾತ್ರಿಯಿಡೀ ತಣ್ಣಗಾದ ಅಷ್ಟೂ ನೀರು ಮೊದಲು ಮೀಯುವವರ ಪಾಲು. ನಮ್ಮಲ್ಲಿ ಅದನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕುವ ಹೊಣೆ ನನ್ನದು. ಆದ್ದರಿಂದ ಮೊದಲ ಸ್ನಾನವೂ ನನ್ನದೇ. ಆಷಾಢದ ಮೋಡ ಕವಿದಾಗ ಸೋಲಾರ್ ರಜೆ ಹಾಕುತ್ತದೆ. ಗೀಸರ್ ಕೊಂಡದ್ದು ಆ ತಿಂಗಳುಗಳಿಗೆ.

ಕೊಳ್ಳುವುದಾಯಿತು, ನೋಡಿಕೊಳ್ಳುವುದು? ಇಲ್ಲಿ ನನಗೆ ಹಂಡೆಯ ಕಾಲದವರ ಮೇಲೆ ಹೊಟ್ಟೆಕಿಚ್ಚು. ಅವರು ಅದಕ್ಕೊಂದು ಹಬ್ಬವನ್ನೇ ಇಟ್ಟಿದ್ದರು. ದೀಪಾವಳಿಯ ನೀರು ತುಂಬುವ ಹಬ್ಬದಂದು ಬಚ್ಚಲನ್ನು ಉಜ್ಜಿ, ಒಲೆಯ ಬೂದಿ ತೆಗೆದು, ಹಂಡೆಯನ್ನು ಬರಿದು ಮಾಡಿ, ತಳಕ್ಕೆ ಕೂತ ಗಸಿ ಬಳಿದು, ಕಂಠವನ್ನು ಹುಣಸೆಹಣ್ಣಿನಿಂದ ತಿಕ್ಕಿ ಕೆಂಪಗೆ ಹೊಳೆಯುವಂತೆ ಮಾಡುತ್ತಿದ್ದರು. ಜೇಡಿ, ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ. ಅಜ್ಜಿಗೆ ಅದು ದೇವರ ಕೆಲಸ. ವರ್ಷಕ್ಕೊಂದು ಸರ್ವಿಸ್ ತಪ್ಪದೆ ನಡೆದುಹೋಗುತ್ತಿತ್ತು, ಯಾರೂ ನೆನಪು ಮಾಡಬೇಕಿರಲಿಲ್ಲ.

ಗೀಸರ್ ಅಟ್ಟದ ಹತ್ತಿರ ಎತ್ತರದಲ್ಲಿ, ಕಣ್ಣಿಗೆ ಮರೆಯಾಗಿ ಕೂತಿರುತ್ತದೆ. ಅದರೊಳಗೆ ಮೆಗ್ನೀಸಿಯಂನ ಒಂದು ಕಡ್ಡಿಯಿದೆ. ಆನೋಡ್ ರಾಡ್ ಎನ್ನುತ್ತಾರೆ. ಉಕ್ಕಿನ ಟ್ಯಾಂಕಿಗೆ ಬರಬೇಕಾದ ತುಕ್ಕನ್ನು ತಾನೇ ಉಂಡು ಸವೆಯುವುದೇ ಅದರ ಉದ್ಯೋಗ. ಅದು ಪೂರ್ತಿ ಸವೆದ ಮೇಲೆ ತುಕ್ಕಿನ ಸರದಿ ಟ್ಯಾಂಕಿಗೆ. ಬೋರ್‌ವೆಲ್ಲಿನ ಗಡಸು ನೀರಾದರೆ ಕಾಯಿಲಿನ ಮೇಲೆ ಬಿಳಿ ಉಪ್ಪಿನ ಕವಚ ಕಟ್ಟುತ್ತದೆ. ನೀರು ಹೆಚ್ಚು ಕಾದಷ್ಟೂ ಉಪ್ಪು ಬೇಗ ಕೂರುವುದರಿಂದ ಥರ್ಮೋಸ್ಟಾಟನ್ನು ತುತ್ತತುದಿಗೆ ತಿರುಗಿಸಿ ಆಮೇಲೆ ತಣ್ಣೀರು ಬೆರೆಸುವುದು ದಂಡ. 60ರ ಸುತ್ತ ಇದ್ದರೆ ಸಾಕು. ಪಕ್ಕದಲ್ಲಿ ಒಂದು ಸೇಫ್ಟಿ ವಾಲ್ವ್, ಕಾಯುವಾಗ ತೊಟ್ಟಿಕ್ಕುತ್ತದೆ. 25 ಲೀಟರ್ ನೀರು 20ರಿಂದ 60 ಡಿಗ್ರಿಗೆ ಏರಿದರೆ ಕಾಲು ಲೀಟರಿಗೂ ಹೆಚ್ಚು ಹಿಗ್ಗುತ್ತದೆ, ಅದು ಎಲ್ಲಿಗೆ ಹೋಗಬೇಕು? ಸೋರುತ್ತಿದೆಯೆಂದು ಎಂ-ಸೀಲ್ ಮೆತ್ತುವ ಪುಣ್ಯಾತ್ಮರಿದ್ದಾರೆ. ಹಂಡೆಯ ಬಾಯಿ ಸದಾ ತೆರೆದಿರುತ್ತಿತ್ತು. ಬಾಯಿ ಮುಚ್ಚಿ ಕಾಯಿಸುವ ಪಾತ್ರೆಗೆ ಉಸಿರಾಡಲು ಇರುವುದು ಅದೊಂದೇ ದಾರಿ.

ನಾನು ಈ ಕೆಲಸವನ್ನೂ ನೀರು ತುಂಬುವ ಹಬ್ಬಕ್ಕೇ ಗಂಟು ಹಾಕೋಣವೆಂದುಕೊಂಡು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ದೀಪಾವಳಿಗೆ ಆಗಲ್ಲ ಸಾರ್. ಆಫರ್ ಸೀಜನ್, ಬರೀ ಹೊಸ ಗೀಸರ್ ಫಿಟ್ಟಿಂಗ್. ಪಿತೃಪಕ್ಷದಲ್ಲಿ ಕರೀರಿ. ಹೊಸ ಸಾಮಾನು ಯಾರೂ ತಗೊಳ್ಳಲ್ಲ, ನಾನೂ ಖಾಲಿ ಇರ್ತೀನಿ."

ಹಾಗಾಗಿ ನಮ್ಮ ಗೀಸರಿಗೆ ಈಗ ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ, ಹೊಸ ಕಡ್ಡಿ ಬೀಳುತ್ತದೆ. ಪಿತೃಪಕ್ಷದಲ್ಲಿ ಮನೆಗೆ ಹೊಸದೇನನ್ನೂ ತರಬಾರದೆನ್ನುವ ಅಮ್ಮನಿಗೆ ಇದು ಸರಿಬರಲಿಲ್ಲ. ಅದು ರಿಪೇರಿಯ ಲೆಕ್ಕ ಎಂದು ಮೆಕ್ಯಾನಿಕ್ಕೇ ಅವರನ್ನು ಒಪ್ಪಿಸಿದ.