ಎಂಟು ಜಿಬಿ ರ‍್ಯಾಮ್ ಹಾಕಲು ಹೋಗಿ

ಮೆಣಸಿನಕಾಯಿ ಸೀಜನ್ನಿನ ಒಂದು ಗುರುವಾರ. ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಳಗಿನಿಂದ ಶೂಟ್ ಮಾಡಿಕೊಂಡು ಮನೆಗೆ ಬಂದೆವು. ಘಾಟಿಗೆ ಸೀನಿ ಸೀನಿ ಮೂಗು ಕೆಂಪಾಗಿತ್ತು. ವಿಡಿಯೊ ಎಡಿಟ್ ಮಾಡಲು ಕೂತರೆ ಕಂಪ್ಯೂಟರ್ ಮುಂದಕ್ಕೆ ಹೋಗಲೊಲ್ಲದು. ಐದು ನಿಮಿಷ ಕೆಲಸ, ಹತ್ತು ನಿಮಿಷ ಹ್ಯಾಂಗ್. ಸೋಮವಾರವೂ ಹೀಗೇ ಆಗಿ ಒಂದು ಸ್ಟೋರಿ ಹೋಗಿರಲಿಲ್ಲ. ನಮ್ಮದು ಸಂಬಳದ ನೌಕರಿಯಲ್ಲ. ಸ್ಟೋರಿ ಹೋದರೆ ದುಡ್ಡು, ಹೋಗದಿದ್ದರೆ ಪೆಟ್ರೋಲ್ ಖರ್ಚು ನಮ್ಮ ತಲೆ ಮೇಲೆ.

ಕಾರಣ ಗೊತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆಗೆದರೆ ಮೆಮೊರಿ ಶೇ 97 ಅಂತ ತೋರಿಸುತ್ತಿತ್ತು. ಇದ್ದದ್ದು 8 ಜಿಬಿ ರ‍್ಯಾಮ್ ಒಂದೇ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಹಾರ್ಡ್ ಡಿಸ್ಕ್ ಅಂದರೆ ಹಗೇವು, ರ‍್ಯಾಮ್ ಅಂದರೆ ಕಣ. ಹಗೇವು ಎಷ್ಟೇ ದೊಡ್ಡದಿದ್ದರೂ ರಾಶಿ ಮಾಡುವುದು ಕಣದಲ್ಲೇ. ಕಣ ಸಣ್ಣದಾದರೆ ಕಾಳು ಒಳಗೆ ಹೊರಗೆ ಸಾಗಿಸುವುದರಲ್ಲೇ ಹೊತ್ತು ಹೋಗುತ್ತದೆ. ಆದ್ದರಿಂದ ಬುಧವಾರವೇ ಹುಬ್ಬಳ್ಳಿಗೆ ಹೋಗಿ ಇನ್ನೊಂದು 8 ಜಿಬಿ ತಂದಿಟ್ಟಿದ್ದೆವು. 1,800 ರೂಪಾಯಿ. ಹಳೆಯದರ ಲೇಬಲ್ ಫೋಟೊ ತೋರಿಸಿದ್ದೆವು. ಅಂಗಡಿಯವರು ಅದೇ ಡಿಡಿಆರ್4, ಅದೇ 3200 ಸ್ಪೀಡ್, ಬೇರೆ ಕಂಪನಿಯದು ಕೊಟ್ಟರು.

ತಂದು ಇಟ್ಟದ್ದು ಡಬ್ಬಿಯಲ್ಲೇ ಇತ್ತು. ಬಿಚ್ಚಲು ಧೈರ್ಯ ಬಂದಿರಲಿಲ್ಲ. ಈ ಕಂಪ್ಯೂಟರ್ ತಗೊಂಡದ್ದು ನಮ್ಮ ಮನೆಯವರ ಸಂಘದ ಸಾಲದಲ್ಲಿ. ಹುಬ್ಬಳ್ಳಿಯ ಒಬ್ಬ ಎಂಜಿನಿಯರಿಂಗ್ ಹುಡುಗ ಗೇಮ್ ಆಡಲು ಜೋಡಿಸಿಕೊಂಡಿದ್ದ ಸೆಕೆಂಡ್ ಹ್ಯಾಂಡ್ ಮಷೀನು, 22 ಸಾವಿರ. ವಾರದ ಕಂತು ಇನ್ನೂ ಮುಗಿದಿರಲಿಲ್ಲ. ಕೊಡುವಾಗ ಅವನು ಒಂದು ಮಾತು ಹೇಳಿದ್ದ: "ಅಣ್ಣಾರ, ಇದನ್ನ ಓವರ್‌ಕ್ಲಾಕ್ ಮಾಡೀನ್ರಿ, ಭಾಳ ಫಾಸ್ಟ್ ಅದ." ಫಾಸ್ಟ್ ಅನ್ನುವುದಷ್ಟೇ ನಮ್ಮ ಕಿವಿಗೆ ಬಿದ್ದಿತ್ತು.

ಆ ರಾತ್ರಿ ಹನ್ನೊಂದಕ್ಕೆ, ಸ್ಟೋರಿ ಅರ್ಧಕ್ಕೆ ನಿಂತಾಗ, ಇನ್ನು ದಾರಿ ಇಲ್ಲ ಅಂತ ಬಿಚ್ಚಿಯೇ ಬಿಟ್ಟೆವು. ಪ್ಲಗ್ ಕಿತ್ತೆವು. ಒಳಗೆ ಉಳಿದ ಕರೆಂಟ್ ಹೋಗಲಿ ಅಂತ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದೆವು. ಮೈಯಲ್ಲಿನ ಸ್ಟ್ಯಾಟಿಕ್ ಕರೆಂಟ್ ಚಿಪ್ಪಿಗೆ ತಾಗಬಾರದು ಅಂತ ಮೊದಲು ಡಬ್ಬದ ಕಬ್ಬಿಣ ಮುಟ್ಟಿದೆವು. ನಮ್ಮ ಮನೆಯವರು ಮೊಬೈಲ್ ಟಾರ್ಚ್ ಹಿಡಿದು ನಿಂತರು. ಒಳಗೆ ಒಂದು ಬೆರಳು ಧೂಳು, ಅದರಲ್ಲಿ ಮೆಣಸಿನಕಾಯಿಯದೂ ಇತ್ತೇನೋ, ಇಬ್ಬರೂ ಸೀನಿದೆವು.

ಬೋರ್ಡಿನಲ್ಲಿ ನಾಲ್ಕು ಸ್ಲಾಟ್. ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದರಲ್ಲಿ ಹಳೆಯದು ಕೂತಿತ್ತು. ಜೋಡಿ ಹಾಕುವುದಾದರೆ ಎರಡು ಮತ್ತು ನಾಲ್ಕು ಅಂತ ಬೋರ್ಡಿನ ಪುಸ್ತಕದಲ್ಲಿತ್ತು. ರ‍್ಯಾಮಿನ ಕೆಳಗೆ ಒಂದು ಸಣ್ಣ ಕಚ್ಚು ಇರುತ್ತದೆ, ಅದು ಸರಿ ಮಧ್ಯದಲ್ಲಿ ಇರುವುದಿಲ್ಲ. ಸ್ಲಾಟಿನ ಉಬ್ಬಿಗೆ ಅದು ಹೊಂದಿದರೆ ಮಾತ್ರ ಕೂರುತ್ತದೆ, ತಿರುಗಾಮುರುಗಾ ಹಾಕಲು ಆಗುವುದೇ ಇಲ್ಲ. ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿದೆವು. ಬೋರ್ಡ್ ಬಾಗಿದ ಹಾಗಾಯಿತು, ಎದೆ ಧಸಕ್ ಅಂದಿತು. ಇನ್ನೂ ಸ್ವಲ್ಪ ಒತ್ತಿದಾಗ 'ಟಕ್' ಅಂತ ಲಾಕ್ ಬಿತ್ತು.

ಪ್ಲಗ್ ಹಾಕಿ ಆನ್ ಮಾಡಿದೆವು. ಫ್ಯಾನ್ ತಿರುಗಿತು. ಪರದೆ ಕಪ್ಪು.

ಒಂದು ನಿಮಿಷ, ಎರಡು ನಿಮಿಷ. ಕಪ್ಪೇ. ಬೋರ್ಡಿನ ಮೂಲೆಯಲ್ಲಿ ಡಿ-ರ‍್ಯಾಮ್ ಅಂತ ಬರೆದಲ್ಲಿ ಒಂದು ಸಣ್ಣ ದೀಪ ಉರಿಯುತ್ತಿತ್ತು. ನಮಗೆ ಬೆವರು. 22 ಸಾವಿರ ಹೋಯಿತು, ಸ್ಟೋರಿ ಹೋಯಿತು, ಸಂಘದಲ್ಲಿ ಇವರ ಮರ್ಯಾದೆಯೂ ಹೋಯಿತು ಅಂತ ತಲೆ ಮೇಲೆ ಕೈ ಹೊತ್ತು ಕೂತೆವು. ಇವರೇ ಹೇಳಿದರು: "ಹೊಸಾದು ತಗದು ಹಳೇದ ಒಂದ ಇಟ್ಟು ನೋಡ್ರಿ. ಮಿಕ್ಸರ್ ಕೆಟ್ರ ಜಾರ್ ಬದ್ಲಿ ಮಾಡಿ ನೋಡೂದಿಲ್ಲೇನು?"

ಹಳೆಯದಷ್ಟೇ ಇಟ್ಟರೆ ಆನ್ ಆಯಿತು! ಹೊಸದು ಸೇರಿಸಿದರೆ ಮತ್ತೆ ಕಪ್ಪು. ನಾಚಿಕೆ ಬಿಟ್ಟು ಆ ಹುಡುಗನಿಗೆ ಫೋನ್ ಮಾಡಿದೆವು. ಪುಣ್ಯಕ್ಕೆ ಎಚ್ಚರ ಇದ್ದ.

"ಅಣ್ಣಾರ, ನಾ ಒಂದ ರ‍್ಯಾಮಿಗೆ ಹೊಂದಿಸಿ ಎಳದಿಟ್ಟೀನಿ ಅದನ್ನ. ಇನ್ನೊಂದು ಹಾಕೂದಾದ್ರ ಮೊದಲ ಎಲ್ಲಾ ಡಿಫಾಲ್ಟಿಗೆ ತರ್ರಿ, ಆಮ್ಯಾಲೆ ಹಾಕ್ರಿ. ಏನೂ ಸುಟ್ಟಿಲ್ಲ, ಹೆದರಬ್ಯಾಡ್ರಿ."

ಓವರ್‌ಕ್ಲಾಕ್ ಅಂದರೇನು ಅನ್ನುವುದು ನಮಗೆ ಆವಾಗ ತಲೆಗೆ ಹೋಯಿತು. ನಮ್ಮ ಮಷೀನಿನದು ರೈಜನ್ 5 2600 ಪ್ರೊಸೆಸರ್. ಅದರ ಮೂಲ ವೇಗ 3.4 ಗಿಗಾಹರ್ಟ್ಸ್, ಅಗತ್ಯ ಬಿದ್ದಾಗ ತಾನೇ 3.9ರವರೆಗೆ ಏರುತ್ತದೆ. ಹುಡುಗ ಅದನ್ನು ಸದಾ 4.0ಕ್ಕೆ ಕಟ್ಟಿ ಹಾಕಿ, ಅದಕ್ಕೆ ಬೇಕಾದ ವೋಲ್ಟೇಜೂ ಏರಿಸಿದ್ದ. ಈ ಪ್ರೊಸೆಸರಿಗೆ ಕಂಪನಿಯೇ ಒಪ್ಪಿದ ರ‍್ಯಾಮ್ ವೇಗ 2933ರವರೆಗೆ. ಅವನು ಓಡಿಸುತ್ತಿದ್ದದ್ದು 3200ರಲ್ಲಿ. ಒಂದೇ ರ‍್ಯಾಮ್ ಇದ್ದಾಗ ಹೇಗೋ ತಡೆದುಕೊಂಡಿತ್ತು. ಅದರ ಜೊತೆ ಬೇರೆ ಕಂಪನಿಯ ಇನ್ನೊಂದನ್ನು ಅದೇ ವೇಗಕ್ಕೆ ಕಟ್ಟಿದರೆ ಎರಡೂ ಮುಗ್ಗರಿಸಿದವು. ಓಡುವ ಎತ್ತಿನ ನೊಗಕ್ಕೆ ಹೊಸ ಎತ್ತು ಕಟ್ಟಿದ ಹಾಗೆ. ಮೊದಲು ಬಂಡಿ ನಿಲ್ಲಿಸಬೇಕು.

ಹಳೆಯ ರ‍್ಯಾಮ್ ಒಂದನ್ನೇ ಇಟ್ಟು ಆನ್ ಮಾಡಿ, ಡಿಲೀಟ್ ಕೀ ಒತ್ತಿ ಬಯೋಸ್‌ಗೆ ಹೋದೆವು. ಇದ್ದ ಸೆಟ್ಟಿಂಗ್ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆವು. 'ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್' ಕೊಟ್ಟು ಸೇವ್ ಮಾಡಿ ಆಫ್ ಮಾಡಿದೆವು. ಪ್ಲಗ್ ಕಿತ್ತು ಹೊಸದನ್ನು ಕೂರಿಸಿದೆವು. ಈ ಸಲ ಒತ್ತುವಾಗ ಕೈ ಅಷ್ಟು ನಡುಗಲಿಲ್ಲ. ಆನ್ ಮಾಡಿದರೆ ಪರದೆ ಎರಡು ಸಲ ಮಿಣುಕಿ ಬೆಳಕಾಯಿತು. 16 ಜಿಬಿ, ವೇಗ 2400.

ಬೆಳಗಿನ ಜಾವ ಎರಡಕ್ಕೆ ಸ್ಟೋರಿ ಹೋಯಿತು. ಒಂದು ಸಲವೂ ಹ್ಯಾಂಗ್ ಆಗಲಿಲ್ಲ.

ಮರುದಿನ ರಾತ್ರಿ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಹಾಕಿ ಮಲಗಿದೆವು. ರ‍್ಯಾಮಿನ ಮೂಲೆ ಮೂಲೆ ಪರೀಕ್ಷೆ ಮಾಡುವ ತಂತ್ರಾಂಶ ಅದು. ಬೆಳಿಗ್ಗೆ ನೋಡಿದರೆ ಒಂದೂ ತಪ್ಪು ಇರಲಿಲ್ಲ. ಆವಾಗ ಹಳೆಯದೊಂದು ನೆನಪಾಯಿತು. ಸವಣೂರು ಕಡೆಯ ಒಬ್ಬ ಅಜ್ಜ, ಬೆಳೆ ಪರಿಹಾರ ಸಿಗದೆ ಕಣ್ಣೀರು ಹಾಕುತ್ತ ಮಾತಾಡಿದ್ದರು. ಕಂಪ್ಯೂಟರಿಗೆ ಕಾಪಿ ಮಾಡಿ ಕಾರ್ಡ್ ಅಳಿಸಿದ ಮೇಲೆ ನೋಡಿದರೆ ಫೈಲ್ ಕೆಟ್ಟಿತ್ತು. ಕಾರ್ಡ್ ಸರಿ ಇಲ್ಲ ಅಂತ ಬೈದು ಬಿಸಾಕಿದ್ದೆವು. ಮಿತಿ ಮೀರಿ ಓಡಿಸಿದ ರ‍್ಯಾಮ್ ಸದ್ದಿಲ್ಲದೆ ಫೈಲ್ ಕೆಡಿಸಬಲ್ಲದು. ಅದೂ ಇದರದ್ದೇ ಕೆಲಸ ಇದ್ದೀತು. ಮತ್ತೆ ಆ ಅಜ್ಜನ ಮುಂದೆ ಹೋಗಿ ಅಳಿಸಲು ನಮಗೆ ಮನಸ್ಸು ಬಂದಿರಲಿಲ್ಲ. ಆ ಸ್ಟೋರಿ ಬರಲೇ ಇಲ್ಲ.

ಈಗ ಮಷೀನು ತನ್ನ ವೇಗದಲ್ಲೇ ಇದೆ. ಫ್ಯಾನಿನ ಸದ್ದೂ ಇಳಿದಿದೆ. ವಿಡಿಯೊ ರೆಂಡರ್ ಆಗಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಗಬಹುದು, ಆದರೆ ನಿಂತು ನಿಂತು ಹೋಗುವುದಿಲ್ಲವಲ್ಲ, ಕೆಲಸ ಮೊದಲಿಗಿಂತ ಬೇಗ ಮುಗಿಯುತ್ತದೆ.

ನಿಮ್ಮೂರಲ್ಲೂ ಗ್ರಾಮ ಒನ್‌ನಲ್ಲೋ, ಡಿಟಿಪಿ ಅಂಗಡಿಯಲ್ಲೋ, ಮನೆಯಲ್ಲೋ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಇದ್ದೀತು. ತಗೊಳ್ಳುವಾಗಲೇ ಮಾರುವವರನ್ನು ಕೇಳಿ: ಓವರ್‌ಕ್ಲಾಕ್ ಮಾಡಿದ್ದೀರಾ, ಎಷ್ಟಕ್ಕೆ? ಹೊಸದೇನಾದರೂ ಹಾಕುವ ಮುಂಚೆ ಡಿಫಾಲ್ಟಿಗೆ ತನ್ನಿ. ಮತ್ತೆ ನಮ್ಮ ಹಾಗೆ ಅರ್ಜೆಂಟ್ ಕೆಲಸ ಇರುವ ರಾತ್ರಿ ಬಿಚ್ಚಬೇಡಿ, ಭಾನುವಾರ ಬಿಚ್ಚಿ.

ಸಂಘದ ಕಂತು ಇನ್ನೂ ನಾಲ್ಕು ಉಳಿದಿವೆ. ಹೋದ ವಾರ ಇವರು ಕಂತು ಕಟ್ಟಿ ಬಂದು ಕೇಳಿದರು: "ಅದನ್ನೇನೋ ಡಿಫಾಲ್ಟಿಗೆ ತಂದ್ರಿ. ನೀವು ಯಾವಾಗ ಬರ್ತೀರಿ?" ಆವತ್ತು ರಾತ್ರಿ ಹತ್ತಕ್ಕೇ ಫೋನ್ ಆಫ್ ಮಾಡಿ ಮಲಗಿದೆವು.